20 ಪ್ರಶ್ನೆಗಳ ಹಾಳೆಯಲ್ಲಿ ಮಗನಿಗೆ 5 ಬಂದಿದೆ, ಏನು ಮಾಡಲಿ?

ಪ್ರಶ್ನೆ (ತಾಯಿ, ಹರಿಹರ): ಮೇಡಂ, ಮಗನಿಗೆ 22 ತಿಂಗಳು. ಜ್ವರ ಅಂತ ತೋರಿಸಲು ಹೋದಾಗ ಡಾಕ್ಟರ್ ಎಂ-ಚಾಟ್ ಅನ್ನೋ ಹಾಳೆ ತುಂಬಿಸಿದರು. 5 ಬಂತು, ಇನ್ನೊಮ್ಮೆ ಬನ್ನಿ ಎಂದರು. ಮನೆಯಲ್ಲಿ ಮೊಬೈಲ್‌ನಲ್ಲಿ ನಾನೇ ತುಂಬಿದೆ, 2 ಬಂತು. ಅತ್ತೆ, "ಅವರಪ್ಪನೂ ತಡವಾಗೇ ಮಾತಾಡಿದ್ದು, ಸುಮ್ನಿರು" ಅಂತಾರೆ. ಇದು ಆಟಿಸಮ್ಮಾ? ನಿದ್ದೆ ಬರ್ತಿಲ್ಲ.

ಉತ್ತರ (ಮಕ್ಕಳ ಡಾಕ್ಟರ್, ದಾವಣಗೆರೆ): ಆ ಹಾಳೆ ಆಟಿಸಂ, ಅಂದರೆ ಮಾತು, ಜನರ ಜೊತೆ ಬೆರೆಯುವುದು ಬೇರೆ ಥರ ಬೆಳೆಯುವ ಸ್ಥಿತಿ, ಇದೆ ಅಂತ ಹೇಳುವುದಿಲ್ಲಮ್ಮ. ಯಾವ ಮಗುವನ್ನು ಇನ್ನೂ ಚೆನ್ನಾಗಿ ನೋಡಬೇಕು ಅಂತ ಹೇಳುತ್ತದೆ, ಅಷ್ಟೇ. ಆತಂಕದ ಪ್ರತಿ ಉತ್ತರಕ್ಕೂ ಒಂದು ಅಂಕ. 0ರಿಂದ 2 ಬಂದರೆ ಆತಂಕ ಕಡಿಮೆ. 3ರಿಂದ 7 ಬಂದರೆ, ಅಂಕ ಬಂದ ಪ್ರಶ್ನೆಗಳನ್ನೇ ಉದಾಹರಣೆ ಕೊಟ್ಟು ಬಿಡಿಸಿ ಕೇಳಬೇಕು. ಆಗಲೂ 2 ಅಥವಾ ಜಾಸ್ತಿ ಉಳಿದರೆ ಪೂರ್ತಿ ಪರೀಕ್ಷೆ. ಇನ್ನೊಮ್ಮೆ ಬನ್ನಿ ಎಂದದ್ದು ಇದಕ್ಕೇ. ಎರಡನೇ ಸಲ ಯಾವ ಉತ್ತರ ಬದಲಾಯಿತು?

ತಾಯಿ: ಬೇಕಾದ್ದನ್ನು ಬೆರಳು ಮಾಡಿ ತೋರಿಸೋದು, ಹೆಸರು ಕರೆದರೆ ತಿರುಗೋದು, ಇನ್ನೂ ಒಂದು. ಒಂದೆರಡು ಸಲ ಮಾಡಿದ್ದಾನಲ್ಲ ಅಂತ ಹೌದು ಹಾಕಿದೆ.

ಉತ್ತರ: ಒಂದೆರಡು ಸಲ ಮಾಡಿ, ಸಾಮಾನ್ಯವಾಗಿ ಮಾಡದಿದ್ದರೆ ಇಲ್ಲ ಅಂತಲೇ ಹಾಕಬೇಕು. ಹಾಳೆಯ ಮೇಲೆಯೇ ಆ ಸೂಚನೆ ಇದೆ, ಎಷ್ಟೋ ಜನ ಓದುವುದಿಲ್ಲ. ಹಾಗಾಗಿ 2 ಬಂತು ಅಂತ ಬಿಡಬೇಡಿ. ಹೆಸರು ಕರೆದರೆ ತಿರುಗುವುದಿಲ್ಲ ಎಂದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳದ ಮಗುವೂ ಹೀಗೇ ಇರುತ್ತದೆ. ಅತ್ತೆಯವರ ಮಾತು ನಿಜವೇ ಇರಬಹುದು. ಆದರೆ ಇಲ್ಲಿ ಮಾತೊಂದೇ ಅಲ್ಲ, ಬೆರಳು ಮಾಡಿ ತೋರಿಸುವುದೂ ಕಡಿಮೆ ಇದೆ. ನನಗೆ ಅದೇ ಮುಖ್ಯ. ಮೂರು ವರ್ಷದವರೆಗೆ ನೋಡೋಣ ಅಂತ ಕೂತರೆ ಕಲಿಸಲು ಒಳ್ಳೆಯ ಕಾಲವೇ ಕಳೆದುಹೋಗುತ್ತದೆ. ಅವನ ಎದುರು ಕೂತು ಆಡಿ, ಅವನು ನೋಡುತ್ತಿರುವುದನ್ನೇ ಹೆಸರಿಸಿ, ಮೊಬೈಲ್ ಕೈಗೆ ಕೊಡಬೇಡಿ. ಇದಕ್ಕೆ ಯಾವ ರಿಪೋರ್ಟೂ ಬೇಕಿಲ್ಲ.

ತಾಯಿ: ದುಡ್ಡಿನದ್ದೇ ಯೋಚನೆ ಮೇಡಂ.

ಉತ್ತರ: 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ, ಅಂದರೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ, ಇರುವುದೇ ಇದಕ್ಕೆ. ಬೆಳವಣಿಗೆ ತಡವಾದ ಮಕ್ಕಳೂ ಅದರಲ್ಲಿ ಸೇರುತ್ತಾರೆ, ತಪಾಸಣೆ ಉಚಿತ. ಆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಆದರೆ ನೀವು ಕಾಯಬೇಡಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಆರ್‌ಬಿಎಸ್‌ಕೆಯವರನ್ನು ಕೇಳಿ. ತಾಯಿ ಕಾರ್ಡ್, ತುಂಬಿದ ಹಾಳೆ ಎರಡೂ ಇರಲಿ.

ಇನ್ನೊಬ್ಬರು (ಚನ್ನಗಿರಿ): ನನ್ನ ಮಗಳಿಗೆ 7 ವರ್ಷ, ಶಾಲೆಯಲ್ಲಿ ಯಾರ ಜೊತೆಗೂ ಸೇರಲ್ಲ. ಈ ಹಾಳೆ ನಡೆಯುತ್ತಾ?

ಉತ್ತರ: ಇಲ್ಲ, ಇದು 16ರಿಂದ 30 ತಿಂಗಳ ಮಕ್ಕಳಿಗೆ ಮಾತ್ರ. ನಿಮ್ಮ ಮಗಳ ವಯಸ್ಸಿಗೆ ಎಸ್‌ಡಿಕ್ಯೂ ಅನ್ನೋ ಬೇರೆ ಹಾಳೆ ಇದೆ, 25 ಪ್ರಶ್ನೆ. ದುಃಖ, ಭಯ, ಸಿಟ್ಟು, ಚಡಪಡಿಕೆ, ಗೆಳೆಯರ ಜೊತೆಗಿನ ಒಡನಾಟ ಎಲ್ಲ ಕೇಳುತ್ತದೆ. ನೀವೊಂದು ತುಂಬಿ, ಟೀಚರ್ ಕೈಲೂ ಒಂದು ತುಂಬಿಸಿ. ಮನೆಯಲ್ಲಿ ಚೆನ್ನಾಗಿದ್ದು ಶಾಲೆಯಲ್ಲಿ ಮಾತ್ರ ಮುದುಡಿಕೊಂಡರೆ ಅಲ್ಲೇನಾಗುತ್ತಿದೆ ಅಂತ ಮೊದಲು ಅವಳನ್ನೇ ಮೆಲ್ಲಗೆ ಕೇಳಿ.