ಎಲ್ಡನ್ ರಿಂಗ್: ಹೊಸಬನಿಗೆ ಯಾವ ಬಿಲ್ಡ್? ಮಾರ್ಗಿಟ್ ಕೈಯಲ್ಲಿ 31 ಸಲ ಸತ್ತಾಯ್ತು

ಬದಿಯಡ್ಕದವ
ಎಲ್ಲರಿಗೂ ನಮಸ್ಕಾರ. ಎಲ್ಡನ್ ರಿಂಗ್ ಅನ್ನುವ ವಿಡಿಯೋ ಗೇಮ್ ಬಂದದ್ದು 2022ರ ಫೆಬ್ರವರಿಯಲ್ಲಿ, ನನ್ನ ಕೈಗೆ ಸಿಕ್ಕಿದ್ದು ಈ ಮಳೆಗಾಲದಲ್ಲಿ. ಅಣ್ಣ ಗಲ್ಫಿಗೆ ಹೋಗುವಾಗ ಕಂಪ್ಯೂಟರ್ ಮನೆಯಲ್ಲೇ ಬಿಟ್ಟ. ಇಂಥ ಆಟ ನನಗೆ ಇದೇ ಮೊದಲು. ಶುರುವಿಗೆ ಹತ್ತು ಕ್ಲಾಸ್, ಅಂದರೆ ಹತ್ತು ನಮೂನೆಯ ಪಾತ್ರ ತೋರಿಸ್ತದಲ್ಲ, ಅದರಲ್ಲಿ ರೆಚ್ ತೆಗೆದುಕೊಂಡೆ. ಲೆವೆಲ್ 1, ಬಲ, ಬುದ್ಧಿ ಅಂತ ಇರುವ ಎಲ್ಲ ಸ್ಟ್ಯಾಟೂ 10, ಮುಂದೆ ಹೇಗೆ ಬೇಕಾದರೂ ಬೆಳೆಸಬಹುದು ಅಂತ ಕಂಡಿತು. ಮೈಮೇಲೆ ಕವಚ ಇಲ್ಲ, ಕೈಯಲ್ಲಿ ಒಂದು ದೊಣ್ಣೆ.

ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಅಂತ ದೊಡ್ಡ ಶತ್ರು ಇದ್ದಾನಲ್ಲ, ಅವನ ಹತ್ತಿರ 31 ಸಲ ಸತ್ತೆ. ಕೋಲು ಎತ್ತುತ್ತಾನೆ, ಎತ್ತಿ ಹಾಗೇ ಹಿಡಿದಿರ್ತಾನೆ. ನನಗೆ ತಡೆಯುದಿಲ್ಲ, ರೋಲ್ ಮಾಡಿ ಉರುಳ್ತೇನೆ. ಎದ್ದು ನಿಲ್ಲುವಾಗ ಸರಿಯಾಗಿ ತಲೆ ಮೇಲೆ ಇಳಿಯುತ್ತದೆ. ಪ್ರತಿ ಸಲವೂ ಇದೇ ಕಥೆ. ನಿನ್ನೆ ಅವನ ಅರ್ಧ ಜೀವ ತೆಗೆದಿದ್ದೆ, ಗುಡುಗು ಬಂದು ಕರೆಂಟು ಹೋಯಿತು.

ಹೊಸದಾಗಿ ಶುರು ಮಾಡುವ ಅಂತ ಇದ್ದೇನೆ. ಯಾವ ಕ್ಲಾಸ್ ತೆಗೆಯುದು? ಬಿಲ್ಡ್ ಮಾಡುವಾಗ, ಲೆವೆಲ್ ಏರಿದ ಹಾಗೆ ಸಿಗುವ ಪಾಯಿಂಟ್ ಮೊದಲು ಯಾವ ಸ್ಟ್ಯಾಟಿಗೆ ಹಾಕುದು?

ಹೊಸೂರು ಹೈದ
ಆಸ್ಟ್ರಾಲಜರ್ ತಗೋ, ಬೇರೆ ಯೋಚನೇನೇ ಬೇಡ. ಇಂಟೆಲಿಜೆನ್ಸ್ 16ರಿಂದ ಶುರು. ಗ್ಲಿಂಟ್‌ಸ್ಟೋನ್ ಪೆಬಲ್ ಅನ್ನೋ ಮಂತ್ರ ಮೊದಲ ನಿಮಿಷದಿಂದ ಕೈಲಿರುತ್ತೆ, ದೂರ ನಿಂತು ಹೊಡೀತಾ ಇರು. ಕುದುರೆ ಸಿಕ್ಕ ತಕ್ಷಣ ಕೇಲಿಡ್ ಕಡೆ ಓಡಿಸ್ಕೊಂಡು ಹೋಗಿ ಮೀಟಿಯೊರೈಟ್ ಸ್ಟಾಫ್ ಅನ್ನೋ ಮಂತ್ರದ ಕೋಲು ಎತ್ಕೊಂಡು ಬಾ. ದಾರೀಲಿ ಯಾರ ಜೊತೆಗೂ ಹೊಡೆದಾಡಬೇಕಾಗಿಲ್ಲ. ಇಂಟೆಲಿಜೆನ್ಸ್ 18 ಮಾಡ್ಕೊಂಡ್ರೆ ಹಿಡೀಬಹುದು, ಸ್ಕೇಲಿಂಗ್ ಎಸ್, ಅಂದ್ರೆ ಇಂಟೆಲಿಜೆನ್ಸ್ ಏರಿದಷ್ಟೂ ಏಟು ಜೋರು. ನಾನು ಮಾರ್ಗಿಟ್‌ನ ಮೂರನೇ ಸಲಕ್ಕೇ ಮುಗಿಸಿದ್ದೆ.

ಅಡೂರು ಗುರಾಣಿ
"ದೂರ ನಿಂತು." ಮಾರ್ಗಿಟ್ ದೂರ ನಿಲ್ಲಲು ಬಿಡುತ್ತಾನಾ? ಬೆಳಕಿನ ಚೂರಿ ಎಸೆಯುತ್ತಾನೆ, ಒಂದು ನೆಗೆತಕ್ಕೆ ಮೈಮೇಲೆ ಬಂದು ಬೀಳುತ್ತಾನೆ. ಆಸ್ಟ್ರಾಲಜರ್‌ನ ಕಸುವು ಬರೀ 9. ಹೊಸಬ ತಪ್ಪು ಮಾಡಿಯೇ ಮಾಡುತ್ತಾನೆ. ತಪ್ಪು ಮಾಡಿದ ಮೇಲೂ ಬದುಕಿ ಉಳಿಯುವ ಬಿಲ್ಡ್ ಬೇಕು ಅವನಿಗೆ.

ತಮ್ಮ, ನೀನು ಕನ್ಫೆಸರ್ ತೆಗೆದುಕೊ. ಲೆವೆಲ್ 10, ಹತ್ತು ಕ್ಲಾಸಿನಲ್ಲಿ ಅತಿ ಹೆಚ್ಚು. ಬಲ 12, ಕೈಚಳಕ 12, ಭಕ್ತಿ 14. ಜೊತೆಗೆ ಬರುವ ಗುರಾಣಿ ಕೋಲಿನ ಪೆಟ್ಟು, ಕತ್ತಿಯ ಪೆಟ್ಟನ್ನು ನೂರಕ್ಕೆ ನೂರು ತಡೆಯುತ್ತದೆ. ಗಾಯ ಮಾಯಿಸುವ ಮಂತ್ರವೂ ಶುರುವಿನಿಂದಲೇ ಉಂಟು. ನಿನ್ನ ತೊಂದರೆ ಇರುವುದು ಸಮಯದಲ್ಲಿ: ಅವನು ಕೋಲು ಎತ್ತಿ ಕಾಯುವಾಗ ನೀನು ಮೊದಲೇ ಉರುಳುತ್ತೀ. ಗುರಾಣಿ ಎತ್ತಿ ನಿಂತರೆ ಅವನು ಎಷ್ಟು ಹೊತ್ತು ಕಾದರೂ ನಿನಗೆ ಒಂದೇ. ಪೆಟ್ಟು ಗುರಾಣಿಗೆ ಬಿದ್ದ ಕೂಡಲೇ ಹೆವಿ ಅಟ್ಯಾಕ್ ಒತ್ತು, ಗಾರ್ಡ್ ಕೌಂಟರ್, ಅಂದರೆ ತಿರುಗೇಟು, ಹೋಗುತ್ತದೆ.

ಪಾಯಿಂಟ್ ಮೊದಲು ಕಸುವಿಗೆ. 10 ಇದ್ದಾಗ ಜೀವ 414, 25ಕ್ಕೆ 800. ಇದಕ್ಕಿಂತ ಹೆಚ್ಚು ಎಂತ ಹೇಳಬೇಕು?

ಹೊಸೂರು ಹೈದ
"ಭಕ್ತಿ 14" ಅಂದ್ರೇನು? ಆಟದಲ್ಲಿ ಇರೋದು ಫೇತ್. ಕನ್ನಡದಲ್ಲಿ ಹೇಳಲೇಬೇಕು ಅಂದ್ರೆ ಅದು ನಂಬಿಕೆ. ಹೊಸ ಹುಡುಗ ಆಟದೊಳಗೆ ಹೋಗಿ ಭಕ್ತಿ ಎಲ್ಲಿದೆ ಅಂತ ಹುಡುಕ್ತಾನೆ. ಕಸುವು ಅಂದ್ರೆ ವಿಗರ್ ಅಂತ ನನಗೇ ಎರಡು ಸಲ ಓದಿದ್ಮೇಲೆ ಗೊತ್ತಾಯ್ತು.

ಅಡೂರು ಗುರಾಣಿ
ಆಟ ಕನ್ನಡದಲ್ಲಿ ಇಲ್ಲ, ಅದಕ್ಕೇ ನಾವು ಕನ್ನಡದಲ್ಲಿ ಮಾತಾಡುವುದು. ಕಸುವು ನಿನಗೆ ಗೊತ್ತಾಗದಿದ್ದರೆ ಅದು ಪದದ ತಪ್ಪಲ್ಲ. ಆ ಮಂತ್ರಗಳಿಗೆಲ್ಲ ಕೈಯಲ್ಲಿ ಮುದ್ರೆ (ಸೇಕ್ರೆಡ್ ಸೀಲ್) ಹಿಡಿದು ಪ್ರಾರ್ಥಿಸುತ್ತಾರೆ. ಪ್ರಾರ್ಥಿಸುವವನಿಗೆ ಇರುವುದು ಭಕ್ತಿ.

ಮಂಜೇಶ್ವರ ಕಡಲು
ಅಡೂರಿನವರೇ, ನಿಮ್ಮ ಊರಿನ ಹತ್ತಿರದವನಾಗಿ ಹೇಳ್ತೇನೆ, ನಂಬಿಕೆಯೇ ಸರಿ. ನಮ್ಮಲ್ಲಿ ದೈವವನ್ನು "ನಂಬುದು" ಅಂತಲೇ ಹೇಳುದು. ತುಳುವಿನಲ್ಲಿ "ನಂಬೊಂದು ಬತ್ತಿನ ಸತ್ಯೊಲು" ಅಂತಾರೆ, ನಂಬಿಕೊಂಡು ಬಂದ ದೈವಗಳು ಅಂತ. ಕೋಲಕ್ಕೆ ನಿಂತವರು ಯಾರೂ ಭಕ್ತಿ ಮಾಡಿಕೊಂಡು ಬಂದ ದೈವ ಅನ್ನುದಿಲ್ಲ. ಆ ಆಟದಲ್ಲಿ ಮರಕ್ಕೆ, ಬೆಂಕಿಗೆ, ಎರಡು ಬೆರಳಿಗೆ ಕೈ ಮುಗಿಯುವವರೆಲ್ಲ ನಮ್ಮ ನಂಬುವವರ ಹಾಗೇ ಇದ್ದಾರೆ. ಮಾತು ಕೊಡುದು, ಮಾತು ಪಡೆಯುದು.

ಕ್ಲಾಸ್ ಸಮುರಾಯ್ ತೆಗೆಯಿರಿ. ಡೆಕ್ಸ್ (ಕೈಚಳಕ) 15, ಉಚಿಗತಾನ ಶುರುವಿನಿಂದಲೇ ಕೈಯಲ್ಲಿ, ಹೊಡೆದ ಹಾಗೆ ರಕ್ತ ಸೋರುತ್ತದೆ. ಬಿಲ್ಲೂ ಉಂಟು. ನನ್ನ ತಮ್ಮ ಪ್ಲಸ್ ಟೂ ಓದುವವ, ಸಮುರಾಯ್ ತೆಗೆದು ಒಂದು ವಾರದಲ್ಲಿ ಕೋಟೆಯೊಳಗಿನ ಗಾಡ್ರಿಕ್‌ನವರೆಗೆ ಹೋದ.

ಅಕ್ಕಲಕೋಟ ಅಕ್ಕ
"ಭಕ್ತಿ ಮಾಡಿಕೊಂಡು ಬಂದ ದೈವ ಅನ್ನುದಿಲ್ಲ" ಅಂದ್ರಿ. ನಿಮ್ಮ ಕಡೆ ಅನ್ನೂದಿಲ್ಲ, ನಮ್ಮ ಕಡೆ ಅಂತಾರ್ರಿ. ನಾವು ಶರಣರ ನಾಡಿನ ಅಂಚಿನವರು. ಭಕ್ತಿಗೆ ಆರು ಮೆಟ್ಟಲ ಅದಾವು: ಶ್ರದ್ಧಾ, ನಿಷ್ಠಾ, ಅವಧಾನ, ಅನುಭಾವ, ಆನಂದ, ಸಮರಸ. ಭಕ್ತಸ್ಥಲದಾಗ ಶ್ರದ್ಧಾ, ಐಕ್ಯಸ್ಥಲದಾಗ ಸಮರಸ. ನಂಬಿಕೆ ಅಂದ್ರ ಐತಿ, ಇಲ್ಲಾ ಇಲ್ಲ. ಭಕ್ತಿ ಏರತೈತಿ. 14 ಇದ್ದದ್ದು 15, 20, 40 ಆಗೂದು ಯಾವದು? ಲೆಕ್ಕಾ ಇಟ್ಟು ಏರಿಸೂದಕ್ಕ ಭಕ್ತಿನೇ ಒಪ್ಪೂ ಪದ.

ತಮ್ಮಾ ಬದಿಯಡ್ಕ, ಇವರ ಜಗಳದಾಗ ನೀ ಬೀಳಬ್ಯಾಡ. 31 ಸಲ ಸತ್ತಿ ಅಂದ್ರ ನೀ ಅವನ ಕಡೆ ಭಾಳ ಲಗೂ ಹೋಗೀದಿ. ಮೊದಲ ದಕ್ಷಿಣಕ್ಕ ಹೋಗು, ವೀಪಿಂಗ್ ಪೆನಿನ್ಸುಲಾ. ಅಲ್ಲಿ ಮೋರ್ನ್ ಕೋಟೆಯಾಗ ಕ್ಲೇಮೋರ್ ಕತ್ತಿ ಸಿಗತೈತಿ, ಸ್ಟ್ರೆಂತ್ 16, ಡೆಕ್ಸ್ 13 ಇದ್ರ ಆತು. ಎಲ್ಲೆ ಅನ್ನೂ ಚರ್ಚಿನಾಗ ಕಮ್ಮಾರರ ಅಡಿಗಲ್ಲಿನ ಮ್ಯಾಲ ಆಯುಧ ಪ್ಲಸ್ 3 ತನಕ ಗಟ್ಟಿ ಮಾಡ್ಕೋ. ಹೊಸಬರು ಲೆವೆಲ್ ಅಷ್ಟ ನೋಡತಾರ, ಆಯುಧ ಮರೀತಾರ. ಕ್ಲಾಸ್ ವ್ಯಾಗಬಾಂಡ್ ತಗೋ, ವಿಗರ್ 15. ಎಲ್ಲಾ ಕ್ಲಾಸಿಗಿಂತ ಹೆಚ್ಚು.

ಹೊಸೂರು ಹೈದ
"ಭಕ್ತಿನೇ ಒಪ್ಪೂ ಪದ" ಅಕ್ಕಾ? ಬ್ಲ್ಯಾಕ್ ಫ್ಲೇಮ್ ಮಂತ್ರಕ್ಕೆ ಫೇತ್ 20 ಬೇಕು. ಅದು ದೇವರನ್ನೇ ಕೊಲ್ಲೋಕೆ ಇರೋ ಬೆಂಕಿ. ದೇವರನ್ನ ಕೊಲ್ಲೋನಿಗೆ ಭಕ್ತಿ ಎಲ್ಲಿಂದ ಬರುತ್ತೆ? ಡ್ರ್ಯಾಗನ್ ಕಮ್ಯೂನಿಯನ್ ಮಂತ್ರಗಳಿಗೂ ಫೇತ್ ಬೇಕು, ಅಲ್ಲಿ ಡ್ರ್ಯಾಗನ್ ಹೃದಯ ಕಿತ್ತು ತಿಂತಾರೆ. ತಿನ್ನೋದು ಯಾವ ಮೆಟ್ಟಲು?

ಅಡೂರು ಗುರಾಣಿ
"ದೇವರನ್ನ ಕೊಲ್ಲೋನಿಗೆ ಭಕ್ತಿ ಎಲ್ಲಿಂದ." ಒಂದು ರಾತ್ರಿ ತಾಳಮದ್ದಳೆಗೆ ಬಂದು ಕುಳಿತುಕೊಳ್ಳಿ. ರಾವಣನ ಅರ್ಥ ಹೇಳುವವರು, ಹಿರಣ್ಯಕಶಿಪುವಿನ ಅರ್ಥ ಹೇಳುವವರು ವಿರೋಧ ಭಕ್ತಿ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ವೈರದಿಂದ ದೇವರನ್ನೇ ನೆನೆಯುವವನೂ ಭಕ್ತ. ಮತ್ತೆ ಕಪ್ಪು ಬೆಂಕಿಯವರಿಗೂ ಒಬ್ಬಳು ರಾಣಿ ಇದ್ದಳು, ಗ್ಲೋಮ್ ಐಡ್ ಕ್ವೀನ್. ಅವರು ಅವಳ ಹಿಂದೆ ಹೋದವರು. ಅದಕ್ಕೆ ಎಂತ ಹೇಳುತ್ತೀರಿ, ನಂಬಿಕೆ ಅಂತಲಾ?

ಮಂಜೇಶ್ವರ ಕಡಲು
ಹೌದು, ನಂಬಿಕೆ ಅಂತಲೇ. ನಂಬಿ ಹಿಂದೆ ಹೋದರು. ನೀವೇ ಹೇಳಿದ್ರಿ.

ತಾಳವಾಡಿ ಲೆಕ್ಕ
"ಲೆವೆಲ್ 10, ಅತಿ ಹೆಚ್ಚು", "ವಿಗರ್ 15, ಎಲ್ಲಕ್ಕಿಂತ ಹೆಚ್ಚು" ಅಂತ ಇಬ್ಬರು ಹೇಳಿದ್ದಾರೆ. ಎಂಟು ಸ್ಟ್ಯಾಟ್ ಕೂಡಿ ನೋಡಿ. ರೆಚ್ 80, ಲೆವೆಲ್ 1. ವ್ಯಾಗಬಾಂಡ್ 88, ಲೆವೆಲ್ 9. ಸಮುರಾಯ್ 88, ಲೆವೆಲ್ 9. ಆಸ್ಟ್ರಾಲಜರ್ 85, ಲೆವೆಲ್ 6. ಕನ್ಫೆಸರ್ 89, ಲೆವೆಲ್ 10. ಒಟ್ಟಿನಿಂದ ಲೆವೆಲ್ ಕಳೆದರೆ ಎಲ್ಲಾದಕ್ಕೂ 79 ಉಳಿಯುತ್ತೆ. ಯಾವ ಕ್ಲಾಸಿಗೂ ಪುಕ್ಕಟೆ ಏನೂ ಕೊಟ್ಟಿಲ್ಲ. ಒಂದು ಕಡೆ ಹಾಕಿದ್ದನ್ನ ಇನ್ನೊಂದು ಕಡೆ ತೆಗೆದಿದ್ದಾರೆ, ವ್ಯಾಗಬಾಂಡ್‌ಗೆ ಆರ್ಕೇನ್ ಅನ್ನೋ ಸ್ಟ್ಯಾಟ್ ಬರೀ 7 ಇರೋದು ಅದಕ್ಕೇ.

ಹಾಕಿದ ಪಾಯಿಂಟ್ ಬೇಡ ಅನಿಸಿದರೆ ರಾಯಾ ಲುಕಾರಿಯಾ ಅನ್ನೋ ಜಾಗದಲ್ಲಿ ರೆನ್ನಾಲಾನ ಗೆದ್ದ ಮೇಲೆ ಲಾರ್ವಲ್ ಟಿಯರ್ ಅನ್ನೋ ಸಾಮಾನು ಕೊಟ್ಟು ಪಾಯಿಂಟ್ ಎಲ್ಲಾ ಹೊಸದಾಗಿ ಹಂಚಬಹುದು. ಮಾರ್ಗಿಟ್‌ನ ಗೆಲ್ಲದೇನೂ ಅಲ್ಲಿಗೆ ಹೋಗಬಹುದು, ಕೋಟೆ ಮಗ್ಗುಲಲ್ಲಿ ಬಂಡೆ ಅಂಚಿನ ದಾರಿ ಇದೆ. ಮತ್ತೆ ಆ ಹುಡುಗನಿಗೆ ಯಾರೂ ಗಂಟೆ ವಿಷಯ ಹೇಳಿಲ್ಲ. ರಾತ್ರಿ ಹೊತ್ತು ಎಲ್ಲೆ ಚರ್ಚಿಗೆ ಹೋಗಪ್ಪ, ರೆನ್ನಾ ಅನ್ನೋಳು ಗಂಟೆ ಕೊಡ್ತಾಳೆ, ಮೂರು ತೋಳ ಕರೆಯಬಹುದು. ಮಾರ್ಗಿಟ್ ತೋಳಗಳ ಕಡೆ ತಿರುಗಿದಾಗ ನಿನಗೆ ಉಸಿರಾಡೋಕೆ ಸಮಯ ಸಿಗುತ್ತೆ.

ಹೊಸೂರು ಹೈದ
"ಯಾವ ಕ್ಲಾಸಿಗೂ ಪುಕ್ಕಟೆ ಏನೂ ಕೊಟ್ಟಿಲ್ಲ." ತಪ್ಪು. ಪೆಬಲ್ ಕೊಟ್ಟಿದ್ದಾರಲ್ಲ ಆಸ್ಟ್ರಾಲಜರ್‌ಗೆ, ಕೋಲು ಕೊಟ್ಟಿದ್ದಾರಲ್ಲ? ಅದನ್ನ 79ರಲ್ಲಿ ಎಲ್ಲಿ ಸೇರಿಸಿದ್ರಿ?

ಇನ್ನು ಭಕ್ತಿ ವಿಷಯ. ಕಾಸರಗೋಡಿನ ಕಡೆ ಮಲಯಾಳ ಶಾಲೇಲಿ ಓದಿದವರು ಪದ ಹೀಗೇ ಬೆರೆಸ್ತಾರೆ. ಅವರ ತಪ್ಪಲ್ಲ, ಆದರೆ ಸರಿ ಮಾಡ್ಕೋಬೇಕು.

ಅಡೂರು ಗುರಾಣಿ
ಇಲ್ಲಿಗೆ ನಿಲ್ಲಿಸಿ. ಒಂದರಿಂದ ಹತ್ತರವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನ್ನ ಮಗಳು ಈಗ ಓದುವುದೂ ಕನ್ನಡ ಮಾಧ್ಯಮದಲ್ಲಿ, ಅದಕ್ಕಾಗಿ ಬಸ್ಸು ಬದಲಿಸಿ ಹೋಗುತ್ತಾಳೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದದ್ದು ನಾವಲ್ಲ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ ನಮ್ಮ ಜಿಲ್ಲೆಯಲ್ಲಿ ಉಂಟು. ನನಗೆ ಕನ್ನಡ ಸರಿ ಮಾಡಿಕೊಳ್ಳಲು ಹೇಳುವ ಮೊದಲು ನೀವು ಬರೆದ "ಸ್ಕೇಲಿಂಗ್", "ಸ್ಟಾಫ್" ಎಲ್ಲ ತಿದ್ದಿಕೊಂಡು ಬನ್ನಿ. ಭಕ್ತಿ ಮಲಯಾಳದ ಪದ ಅಂತ ನೀವು ಎಲ್ಲಿ ಓದಿದಿರಿ?

ಹೊಸೂರು ಹೈದ
ಮಲಯಾಳದ ಪದ ಅಂತ ನಾನು ಬರೆದೇ ಇಲ್ಲ. ಬೆರೆಸ್ತಾರೆ ಅಂತ ಬರೆದೆ. ಮೇಲೆ ಹೋಗಿ ಓದಿ.

ಅಕ್ಕಲಕೋಟ ಅಕ್ಕ
ಹೊಸೂರು ತಮ್ಮಾ, ಹೊಸೂರು ಎಲ್ಲೈತಿ? ಕೃಷ್ಣಗಿರಿ ಜಿಲ್ಲಾದಾಗ. ನೀನೂ ಗಡಿ ಆಚಿನಂವ. ನನ್ನ ಮನಿ ಸೋಲಾಪುರ ಜಿಲ್ಲಾದಾಗ ಐತಿ, ಪ್ಯಾಟಿಗೆ ಹೋದ್ರ ಮರಾಠಿ, ಮನ್ಯಾಗ ಕನ್ನಡ. ಕನ್ನಡ ಯಾರದು ಚಲೋ ಅಂತ ನಮ್ಮ ನಮ್ಮೊಳಗ ಅಳಿಯೂದು ನನಗ ಬ್ಯಾಸರಾತು. ಆ ಮಾತು ಹಿಂದಕ್ಕ ತಗೋ.

ಹೊಸೂರು ಹೈದ
ಶಾಲೆ ಮಾತು ಬೇಕಾಗಿರಲಿಲ್ಲ, ಬಿಡಿ. ಆದರೆ ಫೇತ್ ಅಂದ್ರೆ ನಂಬಿಕೆ.

ತಾಳವಾಡಿ ಲೆಕ್ಕ
ಪೆಬಲ್ ಸ್ಟ್ಯಾಟ್ ಅಲ್ಲ, ಸಾಮಾನು. ನಾನು ಕೂಡಿದ್ದು ಸ್ಟ್ಯಾಟ್.

ಮಂಜೇಶ್ವರ ಕಡಲು
"ಗುರಾಣಿ ಎತ್ತಿ ನಿಂತರೆ ಒಂದೇ" ಅಂತ ಅಡೂರಿನವರು ಮೇಲೆ ಬರೆದದ್ದು ಈಗ ಕಂಡಿತು. ಒಂದೇ ಅಲ್ಲ. ಮಾರ್ಗಿಟ್ ಬೆಳಕಿನ ಸುತ್ತಿಗೆ ತೆಗೆಯುತ್ತಾನಲ್ಲ, ಅದು ಹೋಲಿ ಡ್ಯಾಮೇಜ್, ದೈವಿಕ ಪೆಟ್ಟು. ಆ ಗುರಾಣಿಯ ನೂರು ಇರುದು ಫಿಸಿಕಲ್‌ಗೆ, ಕೋಲು ಕತ್ತಿಯ ಪೆಟ್ಟಿಗೆ ಮಾತ್ರ. ಹೋಲಿ ಒಳಗೆ ಸೋರಿ ಬರ್ತದೆ. ಹುಡುಗನಿಗೆ ಅರ್ಧ ವಿಷಯ ಹೇಳಿದ್ರೆ ಹೇಗೆ?

ಅಡೂರು ಗುರಾಣಿ
"ಕೋಲಿನ ಪೆಟ್ಟು, ಕತ್ತಿಯ ಪೆಟ್ಟು" ಅಂತಲೇ ನಾನು ಬರೆದದ್ದು. ಸ್ವಲ್ಪ ಸೋರುತ್ತದೆ, ಸಾಯುವಷ್ಟು ಸೋರುವುದಿಲ್ಲ. ಸಮುರಾಯ್ ಜೊತೆ ಬರುವ ಸಣ್ಣ ಗುರಾಣಿಯಿಂದ ಫಿಸಿಕಲ್ ಕೂಡ ಪೂರ್ತಿ ನಿಲ್ಲುವುದಿಲ್ಲ. ಅದನ್ನು ನೀವು ಹೇಳಲಿಲ್ಲ.

ಬದಿಯಡ್ಕದವ
ಎರಡು ದಿನ ಅಡಿಕೆ ತೋಟದಲ್ಲಿ ಇದ್ದೆ, ಇಲ್ಲಿ ಇಷ್ಟೆಲ್ಲ ಆಗಿದೆ ಅಂತ ಗೊತ್ತಿರಲಿಲ್ಲ. ಕನ್ಫೆಸರ್ ತೆಗೆದುಕೊಂಡೆ, ಅಕ್ಕ ಹೇಳಿದ ಹಾಗೆ ದಕ್ಷಿಣಕ್ಕೆ ಹೋದೆ. ವಿಗರ್ 20 ಆಯಿತು. ಕತ್ತಿ ಪ್ಲಸ್ 3. ತೋಳದ ಗಂಟೆಯೂ ಸಿಕ್ಕಿತು.

ಮಾರ್ಗಿಟ್ ಕೋಲು ಎತ್ತಿ ಕಾದರೆ ಈಗ ಹೆದರಿಕೆ ಆಗುದಿಲ್ಲ, ಗುರಾಣಿಗೆ ಬಡಿದ ಶಬ್ದ ಕೇಳಿ ತಿರುಗಿ ಹೊಡೆಯಲು ಕಲಿತೆ. ಆದರೆ ಸುತ್ತಿಗೆ ತೆಗೆದ ಮೇಲೆ ಎರಡು ಪೆಟ್ಟಿಗೇ ಸ್ಟ್ಯಾಮಿನಾದ ಹಸಿರು ಗೆರೆ ಮುಗಿದು ಗುರಾಣಿ ಬಿಚ್ಚಿಕೊಳ್ತದೆ. ನಾನು ಮಂಡಿ ಊರಿ ಬಿಡ್ತೇನೆ, ಮತ್ತೆ ಒಂದೇ ಪೆಟ್ಟು. ಎಂತ ಮಾಡುದು?

ಅಡೂರು ಗುರಾಣಿ
ಗುರಾಣಿ ಎತ್ತಿಯೇ ಇಟ್ಟುಕೊಂಡಿದ್ದೀ, ಅದೇ ತಪ್ಪು. ಎತ್ತಿಟ್ಟರೆ ಸ್ಟ್ಯಾಮಿನಾ ನಿಧಾನ ತುಂಬುತ್ತದೆ. ಎರಡು ಪೆಟ್ಟಿನ ನಡುವೆ ಇಳಿಸು, ಮುಂದಿನದಕ್ಕೆ ಎತ್ತು. ಇನ್ನು ಹತ್ತು ಪಾಯಿಂಟ್ ಸಿಕ್ಕಿದರೆ ಐದು ತಾಳಿಕೆಗೆ ಹಾಕು, ಎಂಡ್ಯೂರೆನ್ಸ್. ಹೊತ್ತ ಭಾರ ನೂರಕ್ಕೆ 70 ದಾಟಬಾರದು, ದಾಟಿದರೆ ರೋಲ್ ಭಾರವಾಗುತ್ತದೆ.

ಅಕ್ಕಲಕೋಟ ಅಕ್ಕ
ಮತ್ತ ಮರ್ಕ್‌ವಾಟರ್ ಗವಿಯಾಗ ಪ್ಯಾಚಸ್ ಅಂತ ಒಬ್ಬ ಅದಾನ, ಅವನ್ನ ಕೊಲ್ಲಬ್ಯಾಡ. 5000 ರೂನ್ಸ್ (ಆಟದ ರೊಕ್ಕ) ಕೊಟ್ರ ಮಾರ್ಗಿಟ್‌ನ ಸಂಕೋಲೆ ಮಾರತಾನ. ಸುತ್ತಿಗೆ ತೆಗಿಯೂಕಿಂತ ಮೊದಲ ಎರಡು ಸಲ ಅವನ್ನ ನೆಲಕ್ಕ ಹಿಡದು ನಿಲ್ಲಸತೈತಿ. ಅಷ್ಟರಾಗ ನಿನ್ನ ತೋಳ ಕರಕೋ.

ಹೊಸೂರು ಹೈದ
ಸುತ್ತಿಗೆ ಹೊತ್ತಲ್ಲಿ ಹತ್ತಿರ ಇರೋದೇ ತಪ್ಪು ಅಂತ ಮೊದಲೇ ಹೇಳಿದೆ. ದೂರ ಹೋಗು. ಈಗಿನ ನಂಬಿಕೆ 14ಕ್ಕೇ ದೂರದಿಂದ ಎಸೆಯೋ ಬೆಂಕಿ ಮಂತ್ರ ಸಿಗುತ್ತಾ ನೋಡು.

ಅಡೂರು ಗುರಾಣಿ
ಭಕ್ತಿ 14.

ಬದಿಯಡ್ಕದವ
ಪ್ಯಾಚಸ್ ಸಿಕ್ಕಿದ. ಇವತ್ತು ಮಳೆ ಕಡಿಮೆ ಉಂಟು, ಕರೆಂಟೂ ಉಂಟು. ಊಟ ಮಾಡಿ ಹೋಗ್ತೇನೆ.