12 ವರ್ಷದ ಮಗಳ ಓಟ: ಮನೆಯವರು ಏನು ನೋಡಿಕೊಳ್ಳಬೇಕು?

ಕಾಳಿತೀರ (ಕಾರವಾರ):
ಮಗಳಿಗೆ 12. 400, 600 ಮೀಟರ್ ಓಡುತ್ತಾಳೆ. ಶಾಲೆಯ ಪಿ.ಟಿ. ಮಾಸ್ತರು ವಾರಕ್ಕೆ ನಾಲ್ಕು ಸಂಜೆ ಅಭ್ಯಾಸ ಮಾಡಿಸುತ್ತಾರೆ. ತಾಲೂಕು ಮಟ್ಟ ಹತ್ತಿರ ಬಂತು, ಬೆಳಿಗ್ಗೆ ಟಾಗೋರ್ ಬೀಚಿನಲ್ಲೂ ಓಡಿಸೋಣ ಅಂತ ಅವಳ ಅಪ್ಪನ ಯೋಚನೆ. ಆರು ದಿನ, ಎರಡೂ ಹೊತ್ತು, ಒಂದೂವರೆ ಗಂಟೆಯಂತೆ. ಆದರೆ ಈಗಲೇ ಮಂಡಿಚಿಪ್ಪಿನ ಕೆಳಗೆ ನೋವು ಅನ್ನುತ್ತಾಳೆ. ಏನು ಮಾಡಲಿ?

ಘಟ್ಟದಮೇಲೆ (ಶಿರಸಿ):
ಅಕ್ಕಾ, ಆ ಲೆಕ್ಕದಲ್ಲಿ ವಾರಕ್ಕೆ 18 ಗಂಟೆ ಆಯಿತು. ಮಗುವಿಗೆ ಎಷ್ಟು ವರ್ಷವೋ ವಾರದ ತರಬೇತಿ ಅಷ್ಟು ಗಂಟೆ ದಾಟಬಾರದು ಅನ್ನುತ್ತಾರೆ ಕ್ರೀಡಾವೈದ್ಯರು. ಅಂದರೆ 12 ಗಂಟೆ, ಅದೂ ಮೇಲ್ಮಿತಿ. ವಾರದಲ್ಲಿ ಒಂದು ದಿನವಾದರೂ ಪೂರ್ತಿ ಬಿಡುವು ಬೇಕೇ ಬೇಕು.

ಚಿಪ್ಪಿನ ಕೆಳಗೆ, ಮೊಣಕಾಲ ಮೂಳೆಯ ಮೇಲೆ ಸಣ್ಣ ಉಬ್ಬು ಇದೆಯೇ, ಒತ್ತಿದರೆ ಅಲ್ಲೇ ನೋವಾಗುತ್ತದೆಯೇ ನೋಡಿ. ಹಾಗಿದ್ದರೆ ಆಸ್ಗುಡ್-ಶ್ಲಾಟರ್ ಎಂಬ ಮಂಡಿ ತೊಂದರೆ ಇರಬಹುದು. ಮಕ್ಕಳು ದಿಢೀರನೆ ಎತ್ತರ ಬೆಳೆಯುವಾಗ ತೊಡೆಯ ಸ್ನಾಯು ಬಿಗಿಯಾಗಿ, ಇನ್ನೂ ಗಟ್ಟಿಯಾಗದ ಮೂಳೆಯ ತುದಿಯನ್ನು ಎಳೆಯುತ್ತದೆ. ಜಿಗಿತ, ಮೆಟ್ಟಿಲು ಓಟ, ವೇಗದ ಓಟ ಕೆಲವು ವಾರ ಕಡಿಮೆ ಮಾಡಿ. ಅಭ್ಯಾಸದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ. ನೋವಿನ ಮಾತ್ರೆ ಕೊಟ್ಟು ಓಡಿಸಲೇಬೇಡಿ. ಕುಂಟುತ್ತಿದ್ದರೆ, ಮಂಡಿ ಊದಿದರೆ, ರಾತ್ರಿ ನೋವಿಗೆ ಎಚ್ಚರವಾದರೆ ಮೂಳೆ ಡಾಕ್ಟರಿಗೆ ತೋರಿಸಿ, ಸ್ಪರ್ಧೆ ಮುಗಿಯಲಿ ಅಂತ ಕಾಯಬೇಡಿ.

ಬಂದರುಬದಿ (ಅಂಕೋಲಾ):
ಬೀಚಿನ ವಿಷಯ. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ, ಹಿಮ್ಮಡಿಯ ನರ ಎಳೆಯುತ್ತವೆ. ನೀರಂಚಿನ ಗಟ್ಟಿ ಮರಳು ಓಡಲು ಸುಲಭ, ಆದರೆ ಅದು ಸಮುದ್ರದ ಕಡೆ ಇಳಿಜಾರು. ಒಂದೇ ದಿಕ್ಕಿಗೆ ಓಡುತ್ತಾ ಹೋದರೆ ಒಂದು ಕಾಲಿನ ಮೇಲೇ ಭಾರ. ಹೋದಷ್ಟೇ ದೂರ ವಾಪಸ್ ಓಡಲಿ, ವಾರಕ್ಕೆ ಒಂದು ದಿನ, 15–20 ನಿಮಿಷ ಸಾಕು. ಮಂಡಿ ನೋವು ಇಳಿಯುವ ತನಕ ಅದೂ ಬೇಡ.

ಶೂ ಕೊಳ್ಳುವಾಗ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಬೆಳೆಯುವ ಮಗು ಅಂತ ಎರಡು ಸೈಜ್ ದೊಡ್ಡದು ತಂದರೆ ಕಾಲು ಒಳಗೆ ಜಾರಿ ಬೊಬ್ಬೆ ಏಳುತ್ತದೆ. ಮಳೆಗಾಲದಲ್ಲಿ ಒಳಗೆ ಪೇಪರ್ ತುರುಕಿ ಫ್ಯಾನಿನ ಗಾಳಿಗೆ ಇಡಿ.

ನಮ್ಮ ಕರಾವಳಿಯ ತೇವದ ಹವೆಗೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಓಟಕ್ಕೆ ಮೊದಲು, ನಂತರ ತೂಕ ನೋಡಿ: ಅರ್ಧ ಕೆಜಿ ಇಳಿದರೆ ಮುಕ್ಕಾಲು ಲೀಟರ್ ತುಸುತುಸುವಾಗಿ ಕುಡಿಯಲಿ. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ ಒಳ್ಳೆಯದು.

ಕಾಳಿತೀರ:
ಊಟದ ಬಗ್ಗೆ? ಓಟದ ದಿನ ಏನೂ ಇಳಿಯುವುದಿಲ್ಲ ಅವಳಿಗೆ.

ಘಟ್ಟದಮೇಲೆ:
ಎರಡು-ಮೂರು ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ, ಎಣ್ಣೆ ಕಡಿಮೆ. ಅದೂ ಆಗದಿದ್ದರೆ ಒಂದು ಗಂಟೆ ಮೊದಲು ಬಾಳೆಹಣ್ಣು. ಹೊಸ ತಿನಿಸನ್ನು ಅವತ್ತೇ ಕೊಡಬೇಡಿ. ಉಳಿದ ದಿನ ಮೀನು, ಮೊಟ್ಟೆ, ಕಾಳು ಏನು ತಿನ್ನುತ್ತೀರೋ ಅದೇ ಸಾಕು, ಪ್ರೋಟೀನ್ ಪುಡಿ ದಂಡ. ಊಟದ ಜೊತೆ ಚಹಾ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಬೇಗ ಸುಸ್ತಾಗುತ್ತಿದ್ದರೆ ಹಿಮೋಗ್ಲೋಬಿನ್ ನೋಡಿಸಿ, ಈ ವಯಸ್ಸಿಗೆ 12 ಇರಬೇಕು. ನಿದ್ದೆ ಒಂಬತ್ತು ಗಂಟೆಯಾದರೂ ಆಗಲಿ. ಬೆಳಗಿನ ಓಟ ನುಂಗುವುದು ಅದನ್ನೇ.

ಗಂಗಾವಳಿ (ಕುಮಟಾ):
ಮೈದಾನದ ಅಂಚಿನಿಂದ "ಈಗ ಎಳಿ, ಈಗ ಎಳಿ" ಅಂತ ಕೂಗಬೇಡಿ. ಮೊದಲ 200 ತಡೆದು ಓಡು ಅಂತ ಮಾಸ್ತರು ಹೇಳಿರುತ್ತಾರೆ, ಅಪ್ಪ ಅಲ್ಲೇ ಕೂಗಿದರೆ ಮಗು ಕೇಳುವುದು ಅಪ್ಪನನ್ನೇ, ಕೊನೆಯ 100ರಲ್ಲಿ ಕಾಲು ಕಟ್ಟುತ್ತದೆ. ಮಾಸ್ತರ ಹತ್ತಿರ ತಕರಾರಿದ್ದರೆ ಮಗಳಿಲ್ಲದಾಗ ಮಾತಾಡಿ. ಸೋತ ದಿನ ಬೈಕಿನಲ್ಲಿ ಮನೆಗೆ ಬರುವಾಗ ಓಟದ ವಿಮರ್ಶೆ ಬೇಡ, ಅವಳೇ ಎತ್ತಿದರೆ ಕೇಳಿಸಿಕೊಳ್ಳಿ.

ಇನ್ನೊಂದು: ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ದಿನಾಂಕ ಒಂದೇ ಇದೆಯೇ ಇವತ್ತೇ ನೋಡಿ. 14ರೊಳಗಿನ ವಿಭಾಗದಲ್ಲಿ ವಯಸ್ಸಿನ ತಕರಾರು ಎದ್ದರೆ ಅಲ್ಲಿ ನಿಂತು ಸರಿಮಾಡಲು ಆಗುವುದಿಲ್ಲ.