ಸರ್ವರ್ ಅಲರ್ಟ್ ಥ್ರೆಶೋಲ್ಡ್ (ಎಷ್ಟು ದಾಟಿದ್ರೆ ಎಚ್ಚರಿಕೆ ಬರ್ಬೇಕು ಅನ್ನೋ ಮಿತಿ) 80% ಇಡ್ಬೇಕಾ 90% ಇಡ್ಬೇಕಾ?

ಪ್ರಶ್ನೆ:
ಮೇಡಂ ನಮಸ್ತೆ. ಒಂದು ಚಿಕ್ಕ ಕಂಪನಿಲಿ ಸಿಸ್ಟಮ್ ಅಡ್ಮಿನ್ ಆಗಿದೀನಿ, 40 ಲಿನಕ್ಸ್ ಸರ್ವರ್ ಇದೆ, ನೋಡ್ಕೊಳ್ಳೋದು ನಾನೊಬ್ನೇ. ಸರ್ವರ್‌ಗಳ ಅಳತೆ ನೋಡ್ತಾ ಇರೋಕೆ ಪ್ರೊಮಿಥಿಯಸ್, ಅದರ ಎಚ್ಚರಿಕೆ ಮೆಸೇಜ್ ಕಳ್ಸೋಕೆ ಅಲರ್ಟ್‌ಮ್ಯಾನೇಜರ್ ಹಾಕಿದೀನಿ. ಸಿಪಿಯು, ಮೆಮೊರಿ, ಡಿಸ್ಕ್ ಯಾವ್ದು 80% ದಾಟಿದ್ರೂ ಟೆಲಿಗ್ರಾಂಗೆ ಮೆಸೇಜ್ ಬರೋ ಹಾಗೆ ಎಲ್ಲಾ ಸರ್ವರ್‌ಗೂ ಒಂದೇ ರೂಲ್ ಬರ್ದಿದೀನಿ. ದಿನಕ್ಕೆ ಇನ್ನೂರು ಮುನ್ನೂರು ಮೆಸೇಜ್ ಬರುತ್ತೆ, ರಾತ್ರಿ 2 ಗಂಟೆಗೆ ಬ್ಯಾಕಪ್ ಶುರು ಆದ್ರಂತೂ ಫೋನ್ ಬಡ್ಕೋತಾನೇ ಇರುತ್ತೆ, ಮನೇಲಿ ಚಿಕ್ಕ ಮಗು ಇದೆ ಅಂತ ಮ್ಯೂಟ್ ಮಾಡ್ಬಿಟ್ಟಿದ್ದೆ. ಹೋದ ವಾರ ಡೇಟಾಬೇಸ್ ಸರ್ವರ್ ಡಿಸ್ಕ್ ತುಂಬಿ ಎಲ್ಲಾ ನಿಂತೋಯ್ತು. ಅಲರ್ಟ್ ಬಂದಿತ್ತು, ನಾನ್ ನೋಡಿದ್ದು ಬೆಳಗ್ಗೆ 7ಕ್ಕೆ. ಈಗ 90 ಮಾಡ್ಲಾ, 95 ಮಾಡ್ಲಾ?

ಉತ್ತರ:
ನಮಸ್ತೆ. ಮ್ಯೂಟ್ ಮಾಡಿದ್ದು ನಿಮ್ಮ ತಪ್ಪಲ್ಲ, ಮುನ್ನೂರು ಮೆಸೇಜ್ ಯಾರೂ ಓದೋಕಾಗಲ್ಲ. ಆದ್ರೆ 80ನ 90 ಮಾಡಿದ್ರೆ ಮೆಸೇಜ್ ಸ್ವಲ್ಪ ಕಮ್ಮಿ ಆಗುತ್ತೆ ಅಷ್ಟೇ, ತೊಂದ್ರೆ ಅಲ್ಲೇ ಇರುತ್ತೆ. ಒಂದೊಂದು ರೂಲ್ ಮುಂದೆ ಇಟ್ಕೊಂಡು ಕೇಳ್ಕೊಳ್ಳಿ, ಇದು ರಾತ್ರಿ 2ಕ್ಕೆ ಬಂದ್ರೆ ನಾನು ಎದ್ದು ಕೂತು ಏನ್ ಮಾಡ್ತೀನಿ? ಉತ್ತರ "ಏನೂ ಇಲ್ಲ" ಅಂತಾದ್ರೆ ಅದು ಫೋನಿಗೆ ಬರಬಾರ್ದು.

ಸಿಪಿಯು ರೂಲ್ ಫೋನಿಂದ ಪೂರ್ತಿ ತೆಗೀರಿ. ಬ್ಯಾಕಪ್ ಕಂಪ್ರೆಸ್ ಮಾಡುವಾಗ ಸಿಪಿಯು 100 ಹೋಗ್ಲೇಬೇಕು, ಮೆಷಿನ್ ಕೆಲ್ಸ ಮಾಡ್ತಿದೆ ಅಂತರ್ಥ. ಅದ್ರ ಬದ್ಲು ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ (ಸೈಟನ್ನ ಹೊರಗಿಂದ ತೆಗೆದು ನೋಡೋ ಪ್ರೊಮಿಥಿಯಸ್ ಟೂಲ್) ಇಟ್ಟು ನಿಮ್ಮ ಲಾಗಿನ್ ಪೇಜ್ ಎಷ್ಟು ಸೆಕೆಂಡಲ್ಲಿ ತೆಗೆಯುತ್ತೆ ಅಂತ ಹೊರಗಿಂದ ನೋಡಿ. ಅದು 5 ನಿಮಿಷ ಬಿಡದೆ ನಿಧಾನ ಇದ್ರೆ ಕಸ್ಟಮರ್‌ಗೂ ತೊಂದ್ರೆ ಆಗ್ತಿದೆ ಅಂತ, ಆಗ ಎದ್ದೇಳಿ. ಈ "5 ನಿಮಿಷ"ನ ರೂಲಲ್ಲಿ "ಫಾರ್" ಅನ್ನೋ ಸಾಲಲ್ಲಿ ಬರೀಬೇಕು. ಅದಿಲ್ದಿದ್ರೆ ಒಂದೇ ಒಂದ್ ಸಲ ಮೇಲೆ ಹೋದ್ರೂ ಅಲರ್ಟ್ ಹೊರಟ್ಬಿಡುತ್ತೆ.

ಮೆಮೊರಿ ರೂಲಲ್ಲಿ "ಮೆಮ್‌ಫ್ರೀ" (ಪೂರ್ತಿ ಖಾಲಿ ಇರೋ ಮೆಮೊರಿ) ಹಾಕಿದೀರಾ ನೋಡ್ಕೊಳ್ಳಿ, ಬಹಳ ಜನ ಅದನ್ನೇ ಕಾಪಿ ಮಾಡಿರ್ತಾರೆ. ಲಿನಕ್ಸ್ ಖಾಲಿ ಇರೋ ಮೆಮೊರಿನ ಫೈಲ್ ಕ್ಯಾಶ್‌ಗೆ ಬಳಸ್ಕೊಳ್ಳುತ್ತೆ, ಬೇಕಾದಾಗ ವಾಪಸ್ ಕೊಡುತ್ತೆ, ಹಾಗಾಗಿ ಫ್ರೀ ಯಾವಾಗ್ಲೂ ಕಮ್ಮಿನೇ ಕಾಣೋದು. ಲಿನಕ್ಸ್ ಕರ್ನಲ್ 3.14ರಿಂದ "ಮೆಮ್‌ಅವೈಲಬಲ್" ಅಂತ ಇದೆ, ಹೀಗೆ ವಾಪಸ್ ಸಿಗೋದನ್ನೂ ಸೇರಿಸಿ ಹೇಳುತ್ತೆ, ಅದನ್ನ ತಗೊಳ್ಳಿ.

ಈಗ ಡಿಸ್ಕ್, ನಿಮಗೆ ಪೆಟ್ಟು ಬಿದ್ದಿದ್ದು ಇಲ್ಲೇ. 4 ಟಿಬಿ ಡಿಸ್ಕಲ್ಲಿ 90% ತುಂಬಿದ್ರೂ 400 ಜಿಬಿ ಉಳಿದಿರುತ್ತೆ, 20 ಜಿಬಿ ರೂಟ್ ಪಾರ್ಟಿಷನಲ್ಲಿ (ಸಿಸ್ಟಮ್ ಫೈಲ್ ಇರೋ ಭಾಗ) ಅದೇ 90% ಅಂದ್ರೆ ಉಳಿದಿರೋದು 2 ಜಿಬಿ, ಯಾರೋ ಡೀಬಗ್ ಲಾಗ್ ಆನ್ ಮಾಡಿ ಮರೆತ್ರೆ ಒಂದು ರಾತ್ರಿಗೂ ಸಾಲಲ್ಲ. ಪರ್ಸೆಂಟ್ ಬಿಡಿ, ಎಷ್ಟು ಹೊತ್ತಲ್ಲಿ ತುಂಬುತ್ತೆ ಅಂತ ಕೇಳಿ. ಪ್ರೊಮಿಥಿಯಸಲ್ಲಿ "ಪ್ರೆಡಿಕ್ಟ್ ಲೀನಿಯರ್" ಅಂತ ಫಂಕ್ಷನ್ ಇದೆ, ಹಿಂದಿನ 6 ಗಂಟೆ ಏರಿಕೆ ನೋಡಿ ಮುಂದಿನ 4 ಗಂಟೇಲಿ ಸೊನ್ನೆ ಆಗುತ್ತಾ ಅಂತ ಲೆಕ್ಕ ಹಾಕುತ್ತೆ. ಆಗುತ್ತೆ ಅಂದ್ರೆ ಫೋನಿಗೆ. ನಾಲ್ಕು ದಿನದಲ್ಲಿ ಆಗುತ್ತೆ ಅಂದ್ರೆ ಮೇಲ್, ಬೆಳಗ್ಗೆ ನೋಡಿದ್ರಾಯ್ತು. ಜೊತೆಗೆ "ಉಳಿದಿರೋದು 20%ಗಿಂತ ಕಮ್ಮಿ" ಅಂತ ಒಂದು ಕಂಡೀಷನ್ ಸೇರಿಸಿ, ಇಲ್ದಿದ್ರೆ ಬ್ಯಾಕಪ್ ಟೆಂಪ್ ಫೈಲ್ ಬಂದು ಹೋಗೋದಕ್ಕೂ ಕೂಗುತ್ತೆ.

ಇನ್ನೊಂದು, ಇಎಕ್ಸ್‌ಟಿ4ರಲ್ಲಿ (ಲಿನಕ್ಸ್ ಡಿಸ್ಕಲ್ಲಿ ಫೈಲ್ ಜೋಡಿಸೋ ಒಂದು ವಿಧಾನ) ಸುಮ್ನೆ ಫಾರ್ಮ್ಯಾಟ್ ಮಾಡಿದ್ರೆ 5% ಜಾಗ ರೂಟ್ ಯೂಸರ್‌ಗೆ (ಎಲ್ಲಾ ಅಧಿಕಾರ ಇರೋ ಅಡ್ಮಿನ್ ಖಾತೆ) ಅಂತ ಎತ್ತಿಟ್ಟಿರುತ್ತೆ. ಡೇಟಾಬೇಸ್ ರೂಟಾಗಿ ಓಡಲ್ವಲ್ಲ, ಗ್ರಾಫಲ್ಲಿ ಇನ್ನೂ 5% ಫ್ರೀ ಅಂತ ಕಾಣ್ತಿರುವಾಗ್ಲೇ ಅದಕ್ಕೆ ಜಾಗ ಮುಗಿದಿರುತ್ತೆ. ಇಲ್ಲೂ "ಫ್ರೀ" ಅಲ್ಲ, ರೂಟ್ ಅಲ್ಲದವರಿಗೆ ಸಿಗೋ ಜಾಗ ಹೇಳೋ "ಅವೈಲ್" ಮೆಟ್ರಿಕ್ (ಅಳತೆ) ತಗೊಳ್ಳಿ. ಐನೋಡ್‌ಗೂ (ಒಂದೊಂದು ಫೈಲ್‌ಗೂ ಬೇಕಾಗೋ ದಾಖಲೆ, ಇವುಗಳ ಸಂಖ್ಯೆಗೆ ಮಿತಿ ಇರುತ್ತೆ) ಬೇರೆ ರೂಲ್ ಇರ್ಲಿ, ಚಿಕ್ಕ ಚಿಕ್ಕ ಸೆಷನ್ ಫೈಲ್ ಲಕ್ಷಗಟ್ಲೆ ಸೇರಿದ್ರೆ ಜಿಬಿ ಇದ್ರೂ ಹೊಸ ಫೈಲ್ ಬರೆಯೋಕಾಗಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ, ಮೆಮ್‌ಫ್ರೀನೇ ಹಾಕಿದ್ದೆ 🙏 ಬ್ಯಾಕಪ್ ಟೈಮಲ್ಲಿ ಮ್ಯೂಟ್ ಆಗ್ಲಿ ಅಂತ ಅಲರ್ಟ್‌ಮ್ಯಾನೇಜರಲ್ಲಿ 2ರಿಂದ 4 ಗಂಟೆ ಅಂತ ಕೊಟ್ಟಿದೀನಿ, ಆದ್ರೂ ಬರ್ತಿದೆ ಯಾಕೆ?

ಉತ್ತರ:
ಅದು ಯುಟಿಸಿ ಟೈಮ್ (ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ತಗೊಳ್ಳುತ್ತೆ. ನೀವು ಕೊಟ್ಟ 2ರಿಂದ 4 ನಮಗೆ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ. ಅಂದ್ರೆ ಜನ ಲಾಗಿನ್ ಆಗೋ ಹೊತ್ತಲ್ಲಿ ಮ್ಯೂಟ್ ಆಗ್ತಿದೆ, ಇವತ್ತೇ ಸರಿಮಾಡಿ! ಹೊಸ ವರ್ಷನಲ್ಲಿ "ಲೊಕೇಶನ್" ಅಂತ ಸಾಲು ಇದೆ, ಏಷ್ಯಾ/ಕೋಲ್ಕತಾ ಕೊಡಿ. ಹಳೇದಾದ್ರೆ 20:30ರಿಂದ 22:30, ವಾರದ ದಿನ ಹಾಕಿದ್ರೆ ಅದೂ ಹಿಂದಿನ ದಿನಕ್ಕೆ ಹೋಗುತ್ತೆ ನೋಡ್ಕೊಳ್ಳಿ. ಡಿಸ್ಕ್ ಅಲರ್ಟ್ ಮಾತ್ರ ಯಾವ ಹೊತ್ತಲ್ಲೂ ಮ್ಯೂಟ್ ಮಾಡ್ಬೇಡಿ, ಬ್ಯಾಕಪ್ ಹೊತ್ತಲ್ಲೇ ತುಂಬೋದು ಜಾಸ್ತಿ.

ಇನ್ನೊಬ್ಬ ಸದಸ್ಯರು:
ನಮ್ದು ಝ್ಯಾಬಿಕ್ಸ್ (ಇನ್ನೊಂದು ಮಾನಿಟರಿಂಗ್ ಸಾಫ್ಟ್‌ವೇರ್) ಮೇಡಂ. 90 ದಾಟ್ತು ಅಂತ ಬರುತ್ತೆ, ನಿಮಿಷದಲ್ಲಿ ಸರಿ ಹೋಯ್ತು ಅಂತ ಬರುತ್ತೆ, ಮತ್ತೆ ದಾಟ್ತು ಅಂತ ಬರುತ್ತೆ. ಇನ್ನೊಂದು, ಟೆಲಿಗ್ರಾಂ ಬದ್ಲು ಎಸ್‌ಎಂಎಸ್ ಒಳ್ಳೇದಾ?

ಉತ್ತರ:
ಟ್ರಿಗರಲ್ಲಿ (ಝ್ಯಾಬಿಕ್ಸ್ ಅಲರ್ಟ್ ರೂಲ್) ರಿಕವರಿ ಎಕ್ಸ್‌ಪ್ರೆಷನ್, ಅಂದ್ರೆ ಅಲರ್ಟ್ ಯಾವಾಗ ಆರ್ಬೇಕು ಅನ್ನೋ ಕಂಡೀಷನ್, ಬೇರೆ ಕೊಡಿ, ಹತ್ತೋದು 90ಕ್ಕೆ, ಆರೋದು 80ಕ್ಕಿಂತ ಕೆಳಗೆ ಬಂದ್ಮೇಲೆ. 89, 91 ಅಂತ ಓಲಾಡೋದು ನಿಲ್ಲುತ್ತೆ. ಇನ್ನು ಎಸ್‌ಎಂಎಸ್, ನೆಟ್ ಇಲ್ಲದ ಕಡೆ ಚೆನ್ನಾಗೇ ಬರುತ್ತೆ, ಆದ್ರೆ ಇಂಡಿಯಾದಲ್ಲಿ ಡಿಎಲ್‌ಟಿಲಿ (ಕಂಪನಿಗಳು ಕಳ್ಸೋ ಎಸ್‌ಎಂಎಸ್‌ಗೆ ಇರೋ ನೋಂದಣಿ ವ್ಯವಸ್ಥೆ) ಹೆಡರ್ (ಕಳ್ಸೋರ ಹೆಸರು), ಟೆಂಪ್ಲೇಟ್ (ಮೆಸೇಜಿನ ಮಾದರಿ) ಎರಡೂ ರಿಜಿಸ್ಟರ್ ಆಗಿರ್ಬೇಕು. ಅಲರ್ಟ್ ಮೆಸೇಜ್ ವಾಕ್ಯ ಬದಲಾಯಿಸಿ ಟೆಂಪ್ಲೇಟ್‌ಗೆ ಹೊಂದಲಿಲ್ಲ ಅಂದ್ರೆ ಮಧ್ಯದಲ್ಲೇ ಬ್ಲಾಕ್ ಆಗುತ್ತೆ, ನಿಮಗೆ ಗೊತ್ತೇ ಆಗಲ್ಲ. ಸರ್ವರ್ ಹೆಸರು, ತೊಂದ್ರೆ ಇವೆರಡಕ್ಕೆ ವೇರಿಯಬಲ್ (ಬದಲಾಗೋ ಖಾಲಿ ಜಾಗ) ಇಟ್ಟು ಬೇರೆ ಏನೂ ಮುಟ್ಟದ ಹಾಗೆ ಮಾಡ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಕೊನೇದು ಮೇಡಂ, ಎಲ್ಲಾ ಕಮ್ಮಿ ಮಾಡಿದ್ಮೇಲೆ ಫೋನ್ ಸುಮ್ನಿದ್ರೆ ಎಲ್ಲಾ ಚೆನ್ನಾಗಿದೆ ಅಂತ ಹೆಂಗ್ ನಂಬೋದು? ಪ್ರೊಮಿಥಿಯಸ್ಸೇ ಬಿದ್ದೋಗಿದ್ರೆ?

ಉತ್ತರ:
ಒಳ್ಳೇ ಪ್ರಶ್ನೆ, ಇದು ನನಗೇ ಆಗಿದೆ. ಹಿಂದೆ ಕೆಲ್ಸ ಮಾಡ್ತಿದ್ದ ಕಡೆ ಮಾನಿಟರಿಂಗ್ ಸರ್ವರ್ ಕೂಡ ಅದೇ ರ‍್ಯಾಕಲ್ಲಿತ್ತು, ಪವರ್ ಹೋದಾಗ ಎಲ್ಲಾ ಒಟ್ಟಿಗೇ ಹೋಯ್ತು, ಒಂದ್ ಮೆಸೇಜೂ ಬರ್ಲಿಲ್ಲ, ಕಸ್ಟಮರ್ ಫೋನ್ ಮಾಡಿ ಹೇಳಿದ್ರು. "ವಾಚ್‌ಡಾಗ್" ಅಂತ ಯಾವಾಗ್ಲೂ ಹತ್ತಿರೋ ಒಂದು ಅಲರ್ಟ್ ಬರೀರಿ, ಎಕ್ಸ್‌ಪ್ರೆಷನ್ ಬರೀ "ವೆಕ್ಟರ್ 1", ಅದು ಯಾವಾಗ್ಲೂ ನಿಜನೇ ಆಗಿರುತ್ತೆ. ಅದನ್ನ ಹೊರಗಿನ ಯಾವ್ದಾದ್ರೂ ಹಾರ್ಟ್‌ಬೀಟ್ ಸರ್ವಿಸ್‌ಗೆ (ಮೆಸೇಜ್ ಬರೋದು ನಿಂತ್ರೆ ಎಚ್ಚರಿಸೋ ಸೇವೆ) ಕಳ್ಸಿ, ಅಲ್ಲಿ 10 ನಿಮಿಷ ಬರ್ಲಿಲ್ಲ ಅಂದ್ರೆ ಅವರು ನಿಮಗೆ ಫೋನ್ ಮಾಡೋ ಹಾಗೆ ಇಡಿ. ಅಲರ್ಟ್‌ಮ್ಯಾನೇಜರ್ ರಿಪೀಟ್ ಇಂಟರ್ವಲ್ (ಅದೇ ಅಲರ್ಟ್ ಮತ್ತೆ ಕಳ್ಸೋ ಅಂತರ) ಏನೂ ಕೊಡದಿದ್ರೆ 4 ಗಂಟೆ ಇರುತ್ತೆ, ಗ್ರೂಪ್ ಇಂಟರ್ವಲ್ (ಅಲರ್ಟ್ ಗುಂಪನ್ನ ಮತ್ತೆ ನೋಡೋ ಅಂತರ) 5 ನಿಮಿಷ. ವಾಚ್‌ಡಾಗ್ ಅಲರ್ಟ್ ಹೋಗೋ ದಾರಿಗೆ (ಅಲರ್ಟ್‌ಮ್ಯಾನೇಜರಲ್ಲಿ ಇದಕ್ಕೂ "ರೂಟ್" ಅಂತಾರೆ) ಮಾತ್ರ ಎರಡನ್ನೂ 1 ನಿಮಿಷ ಮಾಡಿ. ಹಾಕಿದ್ಮೇಲೆ ಒಂದ್ಸಲ ಹಗಲಲ್ಲೇ ಪ್ರೊಮಿಥಿಯಸ್ ನಿಲ್ಸಿ, ಫೋನ್ ಬರುತ್ತಾ ನೋಡಿ, ಬಂದ್ರೆ ಇಲ್ಲಿ ತಿಳಿಸಿ.